ಬೇಡದ ಶ್ರುತಿ

ಹೊಸ ವಸ್ತುವೊಂದು ಮನೆಗೆ ಬಂದ ದಿನವೇ ತಂಟೆ ಮಾಡಿದರೆ ನಾವು ಮೊದಲು ಬಯ್ಯುವುದು ಆ ವಸ್ತುವನ್ನೇ. ತಪ್ಪು ಹಳೆಯದರಲ್ಲಿ ಇರಬಹುದು. ಇಲ್ಲವೆ ಹಳೆಯದನ್ನೂ ಹೊಸದನ್ನೂ ಕೂಡಿಸಿದ ಗಂಟಿನಲ್ಲಿ ಇರಬಹುದು ಎಂಬ ವಿಚಾರವು ನಮಗೆ ಹೊಳೆಯುವುದು ಕಟ್ಟಕಡೆಗೆ. ಈ ಪಾಠವನ್ನು ನಮಗೆ ನಮ್ಮ ಮೋಟಾರೇ ಕಲಿಸಿತು. ಇದೇ ತೊಂದರೆಯನ್ನು ಅನೇಕರು ಗಾಡಿಯ ಸ್ವಭಾವವೆಂದು ಸಹಿಸಿಕೊಂಡಿರುವುದನ್ನು ಕಂಡು, ಆ ಸಂಗತಿಯನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ನಮ್ಮದು ನಿಪ್ಪಾಣಿ ತಾಲೂಕಿನ ಬೋರಗಾಂವ. ಗಡಿಯ ಊರು, ಕಬ್ಬಿನ ಸೀಮೆ. ಕನ್ನಡ ಮರಾಠಿಗಳೆರಡೂ ಒಂದೇ ಅಂಗಳದಲ್ಲಿ ಆಡಿಕೊಂಡಿರುವ ಸ್ಥಳ. ದೊಡ್ಡ ಬೇನೆ ಬಂದರೆ ನಮ್ಮ ಭಾಗದ ಜನರು ಹಿಂದಿನಿಂದಲೂ ಹಿಡಿಯುವುದು ಮಿರಜದ ಹಾದಿಯನ್ನು. ನಮ್ಮ ಅವ್ವನವರನ್ನೂ ತಿಂಗಳಿಗೆ ಎರಡು ಸಲ ಅಲ್ಲಿಗೆ ಕರೆದೊಯ್ಯುವ ಪ್ರಸಂಗವು ಬಂದಿತು. ಇಚಲಕರಂಜಿಯ ಮೇಲೆ ಹಾಯ್ದು, ಕೃಷ್ಣೆಯನ್ನು ದಾಟಿ ಹೋಗುವ ಆ ದಾರಿಯು ಆರೋಗ್ಯವಂತರಿಗೆ ದೊಡ್ಡದಲ್ಲ. ನೋವುಳ್ಳವರಿಗೆ ಮಾತ್ರ ಅದು ಮುಗಿಯುವುದೇ ಇಲ್ಲ.

ನಮ್ಮ ತಂದೆಯವರು ಊರ ಭಜನೆಯಲ್ಲಿ ಮುಂದೆ ನಿಂತು ಹಾಡುವವರಾಗಿದ್ದರು. ತುಂಬಿದ, ತಗ್ಗಿನ ಧ್ವನಿ ಅವರದು. ಅವರು ತೀರಿಹೋಗಿ ಅನೇಕ ವರ್ಷಗಳಾದವು. ಒಂದು ಶಿವರಾತ್ರಿಯ ಜಾಗರಣೆಯಲ್ಲಿ ಯಾರೋ ಹಿಡಿದಿಟ್ಟಿದ್ದ ಒಂದು ಕ್ಯಾಸೆಟ್ಟು ಮಾತ್ರ ಉಳಿದಿತ್ತು. ನಮ್ಮ ಮಗನು ಅದನ್ನು ಪೆನ್‌ಡ್ರೈವಿಗೆ ಇಳಿಸಿದನು. ದಾರಿಯುದ್ದಕ್ಕೂ ಅವ್ವನು ಅದನ್ನು ಕೇಳಲೆಂದು ಗಾಡಿಗೆ ಹೊಸ ಸ್ಟೀರಿಯೊ ಒಂದನ್ನು ಕೂಡಿಸಲಾಯಿತು. (ನಮ್ಮ ಕಡೆಗೆ ಈಗಲೂ ಅದಕ್ಕೆ ಟೇಪು ಎಂದೇ ಅನ್ನುವರು.) ಮಗನ ಹಟದಿಂದ ಹಿಂದಿನ ಸೀಟಿನ ಕೆಳಗೆ ಒಂದು ಆಂಪ್ಲಿಫಾಯರೂ ಬಂದಿತು.

ಗಾಡಿ ನಿಂತಾಗ ಹಾಡು ಸೊಗಸಾಗಿಯೇ ಇತ್ತು. ಇಂಜಿನ್ನು ಚಾಲೂ ಆಗುತ್ತಲೇ ಅದರ ಹಿಂದೆ ಸಣ್ಣ ಕೊಳಲನ್ನು ಊದಿದಂತಹ ಒಂದು ಕೀರಲು ದನಿಯು ಎದ್ದಿತು. ಕೂಡಿಸಿದ ಅಂಗಡಿಯವರಿಗೆ ತೋರಿಸಿದೆವು. ಇಂಜಿನ್ನು ಇದ್ದಮೇಲೆ ಇಷ್ಟು ಇರುವುದೇ ಎಂದು ಹೇಳಿ, ಅವರು ತಂತಿಯ ನಡುವೆ ಫಿಲ್ಟರು ಎಂಬ ಪುಟ್ಟ ಡಬ್ಬಿಯೊಂದನ್ನು ಸೇರಿಸಿ ಹಣ ಪಡೆದರು. ಕೀರಲು ತುಸು ಕಡಿಮೆಯಾಯಿತು. ಆದರೆ ಅದರ ಸಂಗಡ ತಂದೆಯವರ ಧ್ವನಿಯ ತಗ್ಗಿನ ತೂಕವೂ ಹೋಗಿ, ಯಾವನೋ ಹುಡುಗನು ಹಾಡಿದಂತೆ ಕೇಳಿಸತೊಡಗಿತು. ಅಗ್ಗದ ಫಿಲ್ಟರುಗಳ ಗುಣವೇ ಇದು: ಕಳ್ಳನನ್ನು ತಡೆಯುವಾಗ ಮನೆಯವರನ್ನೂ ಬಾಗಿಲಲ್ಲಿ ನಿಲ್ಲಿಸುವವು.

ಮುಂದಿನ ಸಲ ಮಿರಜಕ್ಕೆ ಹೋಗುವಾಗ ಅವ್ವನು ಬಹಳ ಹೊತ್ತು ಸುಮ್ಮನೆ ಕೇಳಿ, ಮೆಲ್ಲಗೆ ಅಂದಳು: "ತಮ್ಮಾ, ನಿಮ್ಮ ಅಪ್ಪಾರ ದನಿ ಇದ್ದಲ್ಲೇ ಐತಿ. ಹಿಂದ ಸೂರ ಹಿಡದವರು ಯಾರೋ? ಗಾಡಿ ಓಡಿದಂಗ ಸೂರ ಏರತೈತಿ, ನಿಂತರ ಇಳಿತೈತಿ."

ನಾವು ನಕ್ಕೆವು. ಆದರೆ ಆ ಮಾತಿನಲ್ಲಿಯೇ ರೋಗದ ಹೆಸರು ಅಡಗಿತ್ತು.

ನಮ್ಮೂರಿನಲ್ಲಿ ಮೋಟಾರಿನ ವಾಯರಿಂಗ್ ಮಾಡುವ ವೃದ್ಧ ಮಿಸ್ತ್ರಿಯೊಬ್ಬರಿದ್ದಾರೆ. ತಂದೆಯವರ ಸಂಗಡ ಭಜನೆಯಲ್ಲಿ ತಾಳ ಹಿಡಿದವರು; ನಮಗೆ ಅವರು ಕಾಕಾ. ಅವ್ವನ ಮಾತನ್ನು ಅವರಿಗೆ ಹೇಳಿದಾಗ, "ವೈನಿ ಅರ್ಧಾ ಕೆಲಸ ಮಾಡ್ಯಾರ" ಎಂದರು. ಇಂಜಿನ್ನಿನ ವೇಗದೊಡನೆ ಏರಿಳಿಯುವ ಕೀರಲು ಡೈನಮೊದಿಂದ, ಎಂದರೆ ಅಲ್ಟರ್ನೇಟರಿನಿಂದ ಬರುವುದು. ಟಿಕ್ ಟಿಕ್ ಎಂದು ಬಿಟ್ಟುಬಿಟ್ಟು ಬಡಿಯುವ ಸದ್ದು ಸಾಮಾನ್ಯವಾಗಿ ಪ್ಲಗ್ಗಿನ ಕಿಡಿಯದು. ಇಂಜಿನ್ನು ಬಂದಾದರೂ ಉಳಿಯುವ ಸರಸರ ಶಬ್ದವು ಯಂತ್ರದ್ದು ಇಲ್ಲವೆ ಹಾಡಿನ ಪ್ರತಿಯದೇ ಎಂದು ವಿಂಗಡಿಸಿ ತಿಳಿಸಿದರು.

ತರುವಾಯ ಅವರು ಪರೀಕ್ಷಿಸಿದ ಕ್ರಮವು ವೈದ್ಯರು ನಾಡಿ ನೋಡಿದಂತೆ ಇತ್ತು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವರ ನೇಮ. ಮೊದಲು ಆ ಡಬ್ಬಿಯನ್ನು ತೆಗೆದರು. ಇಂಜಿನ್ನು ಚಾಲೂ ಇರಿಸಿ ಟೇಪಿನ ಸದ್ದನ್ನು ಪೂರ್ತಿ ಇಳಿಸಿದರು. ಹಾಡು ನಿಂತಿತು, ಕೀರಲು ನಿಲ್ಲಲಿಲ್ಲ. ಎಂದರೆ ಪೆನ್‌ಡ್ರೈವಿನ ತಪ್ಪಲ್ಲ. ಸದ್ದನ್ನು ಏರಿಳಿಸುವ ಗುಂಡಿಯನ್ನು ದಾಟಿದ ಮೇಲೆ ಎಲ್ಲಿಯೋ ಅದು ಒಳಗೆ ನುಗ್ಗುತ್ತಿದೆ. ಬಳಿಕ ಟೇಪಿನಿಂದ ಆಂಪ್ಲಿಫಾಯರಿಗೆ ಹಾಡನ್ನು ಒಯ್ಯುವ ತಂತಿಯನ್ನು ಹಿಂದಿನ ತುದಿಯಲ್ಲಿ ಕಿತ್ತರು. ಕೂಡಲೇ ಎಲ್ಲವೂ ನಿಶ್ಶಬ್ದ! ಆಂಪ್ಲಿಫಾಯರು ನಿರ್ದೋಷಿ, ಕಳ್ಳನು ಬರುವ ಹಾದಿಯು ಆ ತಂತಿಯೇ ಎಂದು ಗೊತ್ತಾಯಿತು.

ಇದರ ಕಾರಣವನ್ನು ನಮಗೆ ತಿಳಿದಷ್ಟು ಹೇಳುವೆವು. ಅಲ್ಟರ್ನೇಟರು ಹುಟ್ಟಿಸುವುದು ಹಿಂದುಮುಂದಾಗಿ ಹರಿಯುವ ವಿದ್ಯುತ್ತನ್ನು. ಅದರೊಳಗಿನ ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ತಿರುಗಿಸುವವು. ಬ್ಯಾಟರಿಗೆ ಹನ್ನೆರಡು ವೋಲ್ಟಿನದೆಂದು ಹೆಸರಿದ್ದರೂ, ಇಂಜಿನ್ನು ನಡೆಯುವಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟಿನವರೆಗೆ ಇರುವುದು. ಆದರೂ ಆ ಪ್ರವಾಹದಲ್ಲಿ ಸಣ್ಣ ತೆರೆಗಳು ಉಳಿದೇ ಇರುವವು. ಇಂಜಿನ್ನು ಬೇಗ ತಿರುಗಿದಂತೆ ತೆರೆಗಳು ದಟ್ಟವಾಗಿ ಸ್ವರವು ಏರುವುದು. ಗಾಡಿಯಲ್ಲಿ ಹೋಗುವ ವಿದ್ಯುತ್ತಿಗೆ ತಂತಿಯುಂಟು. ಮರಳುವ ದಾರಿ ಗಾಡಿಯ ಕಬ್ಬಿಣದ ಮೈಯೇ. ಅದಕ್ಕೇ ಅರ್ಥಿಂಗ್ ಎನ್ನುವರು. ನಮ್ಮ ಟೇಪಿನ ಅರ್ಥಿಂಗ್ ತಂತಿಯನ್ನು ಬಣ್ಣ ಬಳಿದ ಒಂದು ಪಟ್ಟಿಯ ಮೇಲೆ ಸ್ಕ್ರೂ ಹಾಕಿ ಕೂಡಿಸಿದ್ದರು. ಬಣ್ಣದ ಮೇಲೆ ವಿದ್ಯುತ್ತು ಸರಾಗವಾಗಿ ಹರಿಯದು. ಮನೆಯ ಬಾಗಿಲು ಮುಚ್ಚಿದ್ದನ್ನು ಕಂಡು ಅದು ಹಾಡಿನ ತಂತಿಯ ಹೊರಹೆಣಿಕೆಯ ಮೂಲಕ ಹಿಂದಿನ ಆಂಪ್ಲಿಫಾಯರಿಗೆ ಹೋಗಿ, ಅಲ್ಲಿಯ ಅರ್ಥಿಂಗಿನಿಂದ ಮರಳುತ್ತಿತ್ತು. ಹೋಗುವಾಗ ತನ್ನ ತೆರೆಗಳನ್ನೂ ಹಾಡಿನಲ್ಲಿ ಬೆರೆಸುತ್ತಿತ್ತು. ಎರಡು ಅರ್ಥಿಂಗುಗಳ ನಡುವೆ ವೋಲ್ಟಿನ ಸಾವಿರದಲ್ಲಿ ಕೆಲವು ಪಾಲಿನಷ್ಟು ಭೇದವಿದ್ದರೂ ಆಂಪ್ಲಿಫಾಯರು ಅದನ್ನು ಹಿಗ್ಗಿಸಿ ಕಿವಿಗೆ ಮುಟ್ಟಿಸುವುದು.

ಇದು ಹೊಸ ಜಗಳವೇನೂ ಅಲ್ಲ. ಅಮೆರಿಕದಲ್ಲಿ ಗಾಲ್ವಿನ್ ಸಹೋದರರು 1930ರಲ್ಲಿ ಮೋಟೊರೋಲಾ ಎಂಬ ಹೆಸರಿನಿಂದ ಗಾಡಿಯ ರೇಡಿಯೊವನ್ನು ಮಾರಲು ತೊಡಗಿದ ಕಾಲದಲ್ಲಿಯೂ ಇಂಜಿನ್ನಿನ ಕಿಡಿಗಳ ಗದ್ದಲವನ್ನು ಅಡಗಿಸುವುದೇ ದೊಡ್ಡ ಕೆಲಸವಾಗಿತ್ತು.

ಚಿಕಿತ್ಸೆಯು ಅರ್ಧ ತಾಸಿನದು. ಕಾಕಾ ಮೊದಲು ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿದರು. ಬಳಿಕ ಗಟ್ಟಿಯಾದ ಕಬ್ಬಿಣದ ಒಂದು ಜಾಗವನ್ನು ಆರಿಸಿ, ಬೆಳ್ಳಗೆ ಹೊಳೆಯುವವರೆಗೆ ಬಣ್ಣವನ್ನು ಕೆರೆದು, ಟೇಪು ಆಂಪ್ಲಿಫಾಯರುಗಳೆರಡರ ಅರ್ಥಿಂಗ್ ತಂತಿಗಳನ್ನೂ ಅಲ್ಲಿಯೇ ಬಿಗಿದರು. ಬ್ಯಾಟರಿಯ ದಪ್ಪ ತಂತಿಯೂ ಹಾಡಿನ ತಂತಿಯೂ ಒಂದೇ ಮಗ್ಗುಲಲ್ಲಿ ಜೋಡಿಯಾಗಿ ಮಲಗಿದ್ದವು; ಒಂದನ್ನು ಎಡಕ್ಕೂ ಇನ್ನೊಂದನ್ನು ಬಲಕ್ಕೂ ಮಾಡಿದರು. ಸೀಟಿನ ಪಟ್ಟಿಯ ಬೋಲ್ಟಿಗಾಗಲಿ ಬ್ರೇಕಿನ ನಳಿಗೆಗಾಗಲಿ ಅರ್ಥಿಂಗನ್ನು ಕೂಡಿಸಬಾರದೆಂದೂ, ಏರ್‌ಬ್ಯಾಗಿನ ಹಳದಿ ತಂತಿಗಳ ಗೊಡವೆಗೆ ಹೋಗಬಾರದೆಂದೂ ಎಚ್ಚರಿಸಿದರು.

ಇಂಜಿನ್ನು ಚಾಲೂ ಆಯಿತು. ಕೀರಲಿಲ್ಲ. ಎಕ್ಸಿಲೇಟರನ್ನು ಒತ್ತಿದೆವು, ಆಗಲೂ ಇಲ್ಲ. ಧಾರವಾಡದ ಆಕಾಶವಾಣಿಯನ್ನು ಹಚ್ಚಿದಾಗ ಮಾತ್ರ ಮತ್ತೊಂದು ಕರಕರ ಸದ್ದು ಎದ್ದಿತು. ಕಾಕಾ ಏನೂ ಮಾತಾಡದೆ ಮೊಬೈಲಿನ ಚಾರ್ಜರನ್ನು ಕಿತ್ತರು, ಅದೂ ಅಡಗಿತು. ಹನ್ನೆರಡು ವೋಲ್ಟನ್ನು ಐದಕ್ಕೆ ಇಳಿಸಲು ಆ ಪುಟ್ಟ ಯಂತ್ರವು ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕಡಿದು ಕೂಡಿಸುವುದರಿಂದ ರೇಡಿಯೊಕ್ಕೆ ಉಪದ್ರವವಾಗುವುದಂತೆ.

ಕೊನೆಗೆ ತಂದೆಯವರ ಹಾಡನ್ನು ಹಚ್ಚಿದೆವು. ಧ್ವನಿಯು ಎಂದಿನ ತೂಕದಿಂದ ತುಂಬಿ ಬಂದಿತು. ಹಿಂದೆ ಸಣ್ಣಗೆ ಸರಸರ, ನಡುವೆ ಯಾರದೋ ಕೆಮ್ಮು. ನಾವು, "ಕಾಕಾ, ಇದಕ್ಕೂ ಏನಾದರೂ ಉಪಾಯ ಉಂಟೋ?" ಎಂದೆವು. ಅವರು ಇಂಜಿನ್ನನ್ನು ಬಂದು ಮಾಡಿದರು. ಸರಸರವು ಹಾಗೆಯೇ ಇತ್ತು. "ಇದು ಗಾಡೀದಲ್ಲ, ಕ್ಯಾಸೆಟ್ಟಿಂದು. ಕೆಮ್ಮಿದಾಂವ ನಾನ" ಎಂದು ನಕ್ಕರು. ಅವ್ವನು ಕಣ್ಣೊರಸಿಕೊಂಡು, "ಅದು ಇರಲಿ ಬಿಡ್ರಿ" ಅಂದಳು.

ಮಿರಜವು ದವಾಖಾನೆಗಳಿಗಷ್ಟೇ ಅಲ್ಲ, ತಂಬೂರಿಗೂ ಹೆಸರಾದುದು. 1937ರಲ್ಲಿ ತೀರಿಕೊಂಡ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರದು. ಅಲ್ಲಿಯ ಸಿತಾರ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ ಮನ್ನಣೆಯೂ ದೊರೆಯಿತು. ತಂತಿಗೂ ಕುದುರೆಗೂ ನಡುವೆ ಒಂದು ನೂಲೆಳೆಯನ್ನು ಸರಿಸಿ ಅವರು ತಂಬೂರಿಗೆ ಝೇಂಕಾರವನ್ನು ತರುವರು. ಅದಕ್ಕೆ ಜವಾರಿ ಎಂದು ಹೆಸರು. ಅಲ್ಲಿ ಬೇಕೆಂದು ಹುಡುಕಿ ತರುವ ಝೇಂಕಾರವೇ ನಮ್ಮ ಗಾಡಿಯಲ್ಲಿ ಕರೆಯದೆ ಬಂದು ಕಾಡಿತು. ಹಾಡುವವನ ಸಂಗಡ ನಿಲ್ಲುವುದು ಶ್ರುತಿ. ಅವನನ್ನು ಬಿಟ್ಟು ತನ್ನಷ್ಟಕ್ಕೆ ತಾನು ಏರಿಳಿಯುವುದು ಗದ್ದಲ. ಈ ಭೇದವನ್ನು ಅವ್ವನ ಕಿವಿಯು ಯಾವ ಮೀಟರೂ ಇಲ್ಲದೆ ಹಿಡಿದಿತ್ತು.

ವಾಚಕರಲ್ಲಿ ಯಾರಿಗಾದರೂ ಇಂತಹ ತೊಂದರೆಯಿದ್ದರೆ, ಹೊಸ ಯಂತ್ರವನ್ನು ಬಯ್ಯುವ ಮೊದಲು, ಫಿಲ್ಟರಿಗೆ ಹಣ ತೆರುವ ಮೊದಲು, ಒಂದು ಹಿಡಿ ಬಣ್ಣವನ್ನು ಕೆರೆದು ನೋಡಿರಿ. ಅದಕ್ಕಿಂತ ಮೊದಲು, ಗಾಡಿಯಲ್ಲಿ ಕುಳಿತ ಹಿರಿಯರು ಏನು ಅನ್ನುತ್ತಾರೆಂಬುದನ್ನು ನಗದೆ ಕೇಳಿರಿ.