ಹಿತ್ತಾಳೆಯೊಳಗಿನ ವಲಸೆ

ನೀರಿಗೆ ಬಿದ್ದ ಶಾಯಿ ಹರಡೋದನ್ನ ಎಲ್ಲರೂ ನೋಡಿದ್ದೀವಿ. ಗಟ್ಟಿ ಲೋಹದೊಳಗೂ ಪರಮಾಣುಗಳು ಹಾಗೇ ಓಡಾಡ್ತವೆ ಅಂತ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಕೇಳಿದಾಗ ನನಗೆ ಬಂದ ಮೊದಲ ಪ್ರಶ್ನೆ: ಒಳಗೆ ಜಾಗ ಎಲ್ಲಿದೆ ಸ್ವಾಮಿ?

ಇದೆ. ಸಾಲಾಗಿ ಕೂತ ಪರಮಾಣುಗಳ ಮಧ್ಯೆ ಅಲ್ಲೊಂದು ಇಲ್ಲೊಂದು ಸೀಟು ಖಾಲಿ ಇರುತ್ತೆ. ಇನ್ನೇನು ಕರಗಬೇಕು ಅನ್ನುವಷ್ಟು ಕಾದ ತಾಮ್ರದಲ್ಲೂ ಸುಮಾರು 10,000 ಸೀಟಿಗೆ ಒಂದೆರಡು, ಅಷ್ಟೇ. ಪಕ್ಕದ ಪರಮಾಣು ಅಲ್ಲಿಗೆ ಜಿಗಿಯುತ್ತೆ, ಅದು ಬಿಟ್ಟ ಸೀಟಿಗೆ ಇನ್ನೊಂದು. ತುಂಬಿದ ಬಿಎಂಟಿಸಿ ಬಸ್ಸಲ್ಲಿ ಒಬ್ಬರು ಇಳಿದ್ರೆ ಎಲ್ಲರೂ ಒಂದೊಂದು ಹೆಜ್ಜೆ ಸರೀತಾರಲ್ಲ, ಹಾಗೆ.

ಇದಕ್ಕೆ ಗಟ್ಟಿ ಸಾಕ್ಷಿ ಕೊಟ್ಟವರು ಅಮೆರಿಕದ ಅರ್ನೆಸ್ಟ್ ಕರ್ಕೆಂಡಾಲ್. ಹಿತ್ತಾಳೆ ಸಲಾಕೆಯ ಎರಡೂ ಬದಿಗೆ ಮಾಲಿಬ್ಡಿನಂ ತಂತಿ ಇಟ್ಟು, ಮೇಲೆ ತಾಮ್ರ ಲೇಪಿಸಿ, 785 ಡಿಗ್ರಿ ಸೆಲ್ಸಿಯಸ್‌ನಲ್ಲಿ ವಾರಗಟ್ಟಲೆ ಕಾಯಿಸಿದರು. ಪರಮಾಣುಗಳು ಪರಸ್ಪರ ಜಾಗ ಬದಲಿಸಿಕೊಳ್ತವೆ ಅನ್ನೋದು ಆಗಿನ ನಂಬಿಕೆ. ಅದು ನಿಜವಾಗಿದ್ರೆ ತಂತಿ ಕದಲಬಾರದಿತ್ತು. ಆದರೆ ತಂತಿಗಳು ಒಳಕ್ಕೆ ಸರಿದಿದ್ದವು! ಸತು ಹೊರಗೆ ಹೋದಷ್ಟು ಬೇಗ ತಾಮ್ರ ಒಳಗೆ ಬಂದಿರಲಿಲ್ಲ. 1947ರಲ್ಲಿ ಪ್ರಬಂಧ ಅಚ್ಚಾಯ್ತು. ರಾಬರ್ಟ್ ಮೆಹ್ಲ್ ಅವರಂಥ ಲೋಹಶಾಸ್ತ್ರದ ದೊಡ್ಡವರೇ ಮೊದಲು ಒಪ್ಪಲಿಲ್ಲ.

ಹೋದವರು ಬಿಟ್ಟ ಖಾಲಿ ಸೀಟುಗಳು ಒಂದೆಡೆ ಸೇರಿದ್ರೆ ಲೋಹದಲ್ಲಿ ಸಣ್ಣ ಸಣ್ಣ ತೂತುಗಳಾಗ್ತವೆ. ಚಿಪ್‌ಗಳಲ್ಲಿ ಚಿನ್ನದ ತಂತಿ ಅಲ್ಯೂಮಿನಿಯಂಗೆ ಬೆಸೆದಿರೋ ಕಡೆ ಬೆಸುಗೆ ಬಿಡೋದಕ್ಕೆ ಇದೂ ಒಂದು ಕಾರಣ. ಹೊರಗಿನಿಂದ ನೋಡಿದ್ರೆ ಎಲ್ಲ ಗಟ್ಟಿಯಾಗೇ ಕಾಣುತ್ತೆ.

ನಮ್ಮೂರೂ ಹಾಗೇ ಕಾಣುತ್ತೆ. ಹಾಸನದ ಹತ್ತಿರ, ಹಳೇ ಹೆಂಚಿನ ಮನೆಗಳ ಬೀದಿ. 11 ಮನೆಗಳಲ್ಲಿ 4ಕ್ಕೆ ಬೀಗ, ಉಳಿದವುಗಳಲ್ಲಿ ಇಬ್ಬಿಬ್ಬರು ವಯಸ್ಸಾದವರು. ಬೆಂಗಳೂರಲ್ಲಿ ಸೀಟು ಸಿಕ್ತು, ನಾವೆಲ್ಲ ಬಂದ್ವಿ. ನಾವು ಬಿಟ್ಟ ಜಾಗಕ್ಕೆ ಮಾತ್ರ ಯಾರೂ ಬರಲಿಲ್ಲ. ಹೋದ ತಿಂಗಳು ಅಮ್ಮ ಫೋನಲ್ಲಿ ಹೇಳಿದ್ಲು, ಎದುರುಮನೆ ಅಜ್ಜ ತೀರಿಕೊಂಡಾಗ ಹೆಗಲು ಕೊಡೋಕೆ ಪಕ್ಕದೂರಿಂದ ಹುಡುಗರನ್ನ ಕರೆಸಬೇಕಾಯ್ತಂತೆ.

ಈಗ ತಿಂಗಳಿಗೊಂದು ಶನಿವಾರ ಊರಿಗೆ ಹೋಗ್ತೀನಿ. ಎರಡು ದಿನಕ್ಕೆ ಬಂದು ಹೋಗೋ ಪರಮಾಣುವಿನಿಂದ ತೂತು ಮುಚ್ಚಲ್ಲ, ಗೊತ್ತು. ಆದ್ರೂ ಆ ಭಾನುವಾರ ನಮ್ಮ ಬೀದಿಯಲ್ಲಿ ಹೆಗಲು ಕೊಡಬಲ್ಲವನು ಒಬ್ಬ ಜಾಸ್ತಿ ಇರ್ತಾನೆ.