ಹಾದಿ ತಪ್ಪದ ಅಲಗು

ಬಡಗಿಯ ಯಂತ್ರಗಳಲ್ಲಿ ಪಟ್ಟಿ ಗರಗಸದಷ್ಟು ನನ್ನ ಮನಸ್ಸನ್ನು ಸೆಳೆದದ್ದು ಮತ್ತೊಂದಿಲ್ಲ. ಮೇಲೊಂದು, ಕೆಳಗೊಂದು ಚಕ್ರ. ಅವೆರಡನ್ನೂ ಬಳಸಿ ಓಡುವ, ತುದಿಮೊದಲಿಲ್ಲದ ಉಕ್ಕಿನ ಅಲಗು. ಇಂಗ್ಲೆಂಡಿನ ವಿಲಿಯಂ ನ್ಯೂಬೆರಿ 1808ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದನು. ಆದರೆ ಬೆಸುಗೆ ಬಿಡದ ಅಲಗು ಕೈಗೂಡಲು ದಶಕಗಳೇ ಬೇಕಾದುವು.

ಚಕ್ರದ ಅಂಚಿಗೆ ತಡೆಯಿಲ್ಲ. ಆದರೂ ಅಲಗು ಜಾರಿ ಬೀಳದಿರುವುದು ಸೋಜಿಗವಲ್ಲವೇ? ರಬ್ಬರು ಹೊದಿಸಿದ ಚಕ್ರದ ಮೈ ನಡುವೆ ತುಸು ಉಬ್ಬಿರುತ್ತದೆ. ಬಿಗಿದ ಅಲಗು ತಾನಾಗಿಯೇ ಆ ಉಬ್ಬನ್ನೇರಿ ನಿಲ್ಲುತ್ತದೆ.

ಚಕ್ರಗಳ ಹೊಂದಿಕೆ ಕೆಟ್ಟರೆ ಅಲಗು ಹಾದಿ ಬಿಡುತ್ತದೆ. ಆಗ ಅದರ ಪಕ್ಕದಲ್ಲಿಯೂ ಬೆನ್ನಿನಲ್ಲಿಯೂ ಇರುವ ಗೈಡುಗಳಿಂದ ಅದನ್ನು ಒತ್ತಿ ಹಿಡಿಯುವುದು ಅವಿವೇಕ. ಅಲಗು ಕಾದು, ಬಿರುಕುಬಿಟ್ಟು, ತುಂಡಾದೀತು. ನಾನು ಬಲ್ಲ ವೃದ್ಧ ಬಡಗಿಯೊಬ್ಬರು ಮೊದಲು ವಿದ್ಯುತ್ ಸಂಪರ್ಕವನ್ನು ತಪ್ಪಿಸುತ್ತಾರೆ. ಗೈಡುಗಳನ್ನು ಹಿಂದೆ ಸರಿಸುತ್ತಾರೆ. ಅಲಗನ್ನು ತಕ್ಕಷ್ಟು ಬಿಗಿದು, ಮೇಲಿನ ಚಕ್ರವನ್ನು ಕೈಯಿಂದ ತಿರುಗಿಸುತ್ತಾ, ತಿರುಪಿನಿಂದ ಅದರ ಓರೆಯನ್ನು ಎಳ್ಳಷ್ಟೆಳ್ಳಷ್ಟೇ ಬದಲಿಸುತ್ತಾರೆ. ಚಕ್ರದ ನೆತ್ತಿ ಹಿಂದಕ್ಕೆ ವಾಲಿದರೆ ಅಲಗೂ ಹಿಂದಕ್ಕೆ ಸರಿಯುತ್ತದೆ. ಅದು ನಡುವೆ ನೆಲೆನಿಂತ ಮೇಲೆಯೇ, ಕಾಗದದ ದಪ್ಪದಷ್ಟು ಎಡೆಬಿಟ್ಟು ಗೈಡುಗಳನ್ನು ಕೂಡಿಸುತ್ತಾರೆ.

ಅದುಮಿ ಹಿಡಿದುದು ಮುರಿಯುತ್ತದೆ. ಹಾದಿಯನ್ನು ನೇರ್ಪಡಿಸಿದರೆ ತಾನೇ ನಡೆಯುತ್ತದೆ. ಆ ಹಿರಿಯರ ಹತ್ತು ಬೆರಳುಗಳೂ ಇಂದಿಗೂ ಉಳಿದಿರುವುದು ಈ ತಾಳ್ಮೆಯ ಫಲವೇ ಸರಿ.