ಕೇಳದೆ ನಡೆದ ಪರೀಕ್ಷೆ

ಕಳೆದ ಬೇಸಗೆಯ ರಜೆಯಲ್ಲಿ ಹತ್ತು ವರ್ಷದ ನನ್ನ ಮೊಮ್ಮಗಳು ನಮ್ಮ ಮನೆಯಲ್ಲಿದ್ದಳು. ಒಂದು ಮಧ್ಯಾಹ್ನ ಮೊಬೈಲಿನಲ್ಲಿ ಯಾವುದೋ ಆಟಕ್ಕೆ ಹೆಸರು ನೋಂದಾಯಿಸುತ್ತ, ಹುಟ್ಟಿದ ವರ್ಷವನ್ನು ನಾಲ್ಕು ವರ್ಷ ಹಿಂದಕ್ಕೆ ಸರಿಸಿ ಬರೆದಳು. "ಇದೇನಮ್ಮ, ಸುಳ್ಳು?" ಎಂದೆನು. "ನಿಜ ಬರೆದರೆ ಒಳಗೆ ಬಿಡೋದಿಲ್ಲ ತಾತ. ಎಲ್ಲರೂ ಹೀಗೇ ಬರೆಯೋದು" ಎಂದು ನಕ್ಕಳು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ನಗುವಿಗೆ ಉತ್ತರ ತೋಚಲಿಲ್ಲ.

ಆ ಕಂಪನಿಯ ಲೆಕ್ಕದಲ್ಲಿ ಆಕೆ ಹತ್ತು ವರ್ಷದ ಮಗುವೇ ಅಲ್ಲ. ಲೆಕ್ಕಕ್ಕೆ ಬಾರದ ಮಗುವಿಗೆ ತನ್ನಿಂದ ಹಾನಿಯಾಯಿತೆ ಎಂಬುದನ್ನು ಕಂಪನಿಯು ಹೇಗೆ ತಾನೆ ಅರಿತೀತು?

ಅರಿಯಬೇಕೆಂಬ ವಿಧಿಯೇನೋ ಇದೆ. ವ್ಯಾಪಾರಸಂಸ್ಥೆಗಳು ತಮ್ಮ ನಡೆಯಿಂದ ಮನುಷ್ಯರ ಹಕ್ಕುಗಳಿಗೆ ಒದಗುವ ಬಾಧೆಯನ್ನು ತಾವೇ ಶೋಧಿಸಿ ತಡೆಯಬೇಕೆಂಬ ತತ್ತ್ವಗಳನ್ನು ವಿಶ್ವಸಂಸ್ಥೆಯು 2011ರಲ್ಲಿ ಅನುಮೋದಿಸಿತು. ಮರುವರ್ಷ ಯೂನಿಸೆಫ್ ಮೊದಲಾದ ಸಂಸ್ಥೆಗಳು ಮಕ್ಕಳ ವಿಷಯವಾಗಿಯೇ ಹತ್ತು ಸೂತ್ರಗಳನ್ನು ರಚಿಸಿದವು. 2021ರಲ್ಲಿ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯು, ಅಂತರಜಾಲದ ಉದ್ಯಮಗಳು ಇಂಥ ಪರೀಕ್ಷೆಯನ್ನು ನಡೆಸಿ ಫಲವನ್ನು ಪ್ರಕಟಿಸುವಂತೆ ಸರ್ಕಾರಗಳು ವಿಧಿಸಬೇಕೆಂದಿತು. ಹಾಗೆ ಹೇಳುವ ಮುನ್ನ ಸಮಿತಿಯು ಅನೇಕ ದೇಶಗಳ 700ಕ್ಕೂ ಹೆಚ್ಚು ಮಕ್ಕಳನ್ನು ವಿಚಾರಿಸಿತ್ತೆಂಬುದು ಗಮನಾರ್ಹವಾದುದು.

ಪರೀಕ್ಷೆಯ ಪ್ರಶ್ನೆಗಳು ಸರಳವಾದುವು. ಯಾವ ಯಾವ ಮಕ್ಕಳು ಇದನ್ನು ಬಳಸುತ್ತಾರೆ? ಅವರ ವಿವರಗಳು ಯಾರ ಕೈ ಸೇರುತ್ತವೆ? ಅಪರಿಚಿತರು ಅವರನ್ನು ಸಂಧಿಸಬಲ್ಲರೆ? ಕೇಡಾದರೆ ಮಗು ಯಾರಲ್ಲಿ ದೂರಬೇಕು? ಇವನ್ನು ಮೊದಲೇ ಕೇಳಿಕೊಳ್ಳದಿದ್ದರೆ ಏನಾಗುವುದೆಂಬುದಕ್ಕೆ ಐರ್ಲೆಂಡಿನ ಒಂದು ತೀರ್ಪು ನಿದರ್ಶನ. ಮಕ್ಕಳ ಖಾತೆಗಳು ಆರಂಭದಿಂದಲೇ ಎಲ್ಲರಿಗೂ ತೆರೆದಿರುವಂತೆ ಏರ್ಪಡಿಸಿದ್ದುದೇ ಮೊದಲಾದ ದೋಷಗಳಿಗಾಗಿ, 2023ರಲ್ಲಿ ಅಲ್ಲಿಯ ಮಾಹಿತಿ ಸಂರಕ್ಷಣಾ ಆಯೋಗವು ಟಿಕ್‌ಟಾಕ್ ಸಂಸ್ಥೆಗೆ 34.5 ಕೋಟಿ ಯೂರೊ ದಂಡ ವಿಧಿಸಿತು. ಬಾಗಿಲನ್ನು ತೆರೆದಿಟ್ಟವರು ಮಕ್ಕಳಲ್ಲ.

"ಯಾರೂ ದೂರಿಲ್ಲ, ಆದುದರಿಂದ ಬಾಧೆಯಿಲ್ಲ" ಎಂದು ಊಹಿಸುವುದು ಸುಲಭ. ನಮ್ಮ ಪಾಠಶಾಲೆಯ ತರ್ಕದ ಗುರುಗಳು ಇದನ್ನು ಹೇತ್ವಾಭಾಸವೆನ್ನುತ್ತಿದ್ದರು. ಆದರೆ ಆ ತಪ್ಪನ್ನು ಮಾಡಿದವನು ನಾನೂ ಹೌದು.

ಮುಖ್ಯೋಪಾಧ್ಯಾಯನಾಗಿದ್ದಾಗ ಪ್ರತಿವರ್ಷವೂ ಹಾಜರಿ, ತೇರ್ಗಡೆ, ಕಟ್ಟಡಗಳ ಲೆಕ್ಕವನ್ನೊಪ್ಪಿಸಿ, ಕೊನೆಗೆ "ತೃಪ್ತಿಕರ" ಎಂದು ನಾನೇ ವರದಿ ಬರೆಯುತ್ತಿದ್ದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಕರಿಹಲಗೆಯ ಮೇಲಿನದನ್ನು ಸದಾ ತಪ್ಪಾಗಿ ಬರೆದುಕೊಳ್ಳುತ್ತಿದ್ದನು. ಅಲಕ್ಷ್ಯವೆಂದು ಭಾವಿಸಿ ಅನೇಕ ಸಲ ಹೊಡೆದೆನು. ಎರಡು ವರ್ಷಗಳ ತರುವಾಯ ಶಾಲೆಗೆ ಬಂದ ವೈದ್ಯರು ಅವನ ದೃಷ್ಟಿಯ ದೋಷವನ್ನು ಕಂಡುಹಿಡಿದರು. "ಏಕಪ್ಪಾ ಹೇಳಲಿಲ್ಲ?" ಎಂದು ಕೇಳಿದೆನು. "ಎಲ್ಲರಿಗೂ ಹಾಗೇ ಕಾಣುತ್ತೆ ಅಂದುಕೊಂಡಿದ್ದೆ ಸಾರ್" ಎಂದನು. ಆ ಎರಡು ವರ್ಷಗಳ ವರದಿಯೂ ತೃಪ್ತಿಕರವೇ ಆಗಿತ್ತು.

ತನಗಾಗುತ್ತಿರುವುದು ಬಾಧೆಯೆಂದು ಮಗುವಿಗೆ ತಿಳಿದಿರಲಾರದು. ಎಲ್ಲರ ಪಾಡೂ ಹೀಗೆಯೇ ಎಂದುಕೊಂಡೀತು. ಆದುದರಿಂದ ದೂರು ಬರಲೆಂದು ಕಾಯುವುದು ಪರೀಕ್ಷೆಯಲ್ಲ. ಹತ್ತಿರ ಕುಳಿತು, ಬೈಯದೆ, ಕೇಳಬೇಕು. ಕಂಪನಿಗಳಿಗೆ ಇದು ಕಷ್ಟವೆಂದರೆ, ಮಕ್ಕಳಿಂದ ಬರುವ ಲಾಭವನ್ನು ಎಣಿಸುವುದು ಮಾತ್ರ ಅವಕ್ಕೆ ಹೇಗೆ ಸುಲಭವಾಯಿತು?

ಅಂದು ಸಂಜೆ ಮೊಮ್ಮಗಳ ಪಕ್ಕದಲ್ಲಿ ಕುಳಿತು, "ಆ ಆಟದಲ್ಲಿ ನಿನ್ನೊಡನೆ ಯಾರು ಯಾರು ಮಾತಾಡುತ್ತಾರಮ್ಮ?" ಎಂದು ಕೇಳಿದೆನು. ಹೇಳತೊಡಗಿದಳು. ದೀಪ ಹಚ್ಚುವ ಹೊತ್ತಾದರೂ ಆಕೆಯ ಮಾತು ಮುಗಿದಿರಲಿಲ್ಲ.